ಇನ್ನೂರ ಹನ್ನೆರಡು ಸೀಸೆ

ಒಟ್ಟು ಇನ್ನೂರ ಹನ್ನೆರಡು ಸೀಸೆ.
ಅದರಲ್ಲಿ ಆರನ್ನು ಹಳೇ ಸೀರೆಯಲ್ಲಿ ಸುತ್ತಿ
ಕೆ.ಎಂ. ದೊಡ್ಡಿಯಿಂದ ಮೈಸೂರಿಗೆ, ಎರಡು ಬಸ್ಸು ಬದಲಿಸಿ
ತೊಡೆಯ ಮೇಲಿಟ್ಟುಕೊಂಡು ತಂದೆ,
ಸೂಜಿ ಹಾಕಿಸಲು ಒಯ್ಯುವ ಕೂಸಿನ ಹಾಗೆ.

ಯಾದವಗಿರಿಯ ಆ ಮಹಡಿಯಲ್ಲಿ
ತಿಂಗಳ ಎರಡನೇ ಭಾನುವಾರ ಸೇರುತ್ತಾರೆ ಅವರು.
ಕುಡಿಯೋಕಲ್ಲ ಅತ್ಗೆ, ಕುಡ್ದುದ್ದ ಬಯ್ಯೋಕೆ,
ಅಂದಿದ್ದ ಮೈದುನ ಸಿದ್ದಲಿಂಗು.

ವೀಳ್ಯದೆಲೆಯಿಂದಲೂ ವೈನ್ ಇಳಿಸಿದ ಪೊನ್ನವ್ವ,
ಗಾಲಿಗೆ ಸುತ್ತಿಗೆ ತಟ್ಟಿ ಬಿರುಕು ಕೇಳುತ್ತಿದ್ದ
ರೈಲ್ವೆ ವರ್ಕ್‌ಶಾಪಿನ ಡೆನ್ಜಿಲ್,
ಪುಟ್ಟ ಡೈರಿಯಲ್ಲಿ ಇಪ್ಪತ್ತಕ್ಕೆ ಅಂಕ ಹಾಕುವ ಮೇಡಂ ಒಬ್ಬರು,
ಮತ್ತೆ ಕಿಟಕಿಯ ಪಕ್ಕ, ಬರೀ ಟೀ ಹಿಡಿದು,
ಮಂಡಿ ಮೊಹಲ್ಲಾದ ಹಬೀಬುಲ್ಲಾ ಸಾಹೇಬರು.
ಊದುಬತ್ತಿಗೆ ಗಂಧ ಬೆರೆಸುವ ಕೈ. ಕುಡಿಯುವವರಲ್ಲ.
ಮೂಗಿಗಾಗಿ ಅವರನ್ನು ಕರೆಸುತ್ತಾರಂತೆ.

ಸೀಸೆಯ ಮೇಲೆ ಬಂಗಾರದ ಅಕ್ಷರ:
ಕಾಡಿನ ಮೌನ, ಚಾಕೊಲೇಟಿನ ನೆನಪು,
ಓಕ್ ಮರದ ಪಿಸುಮಾತು.
ಡಿಸೈನ್ ಹುಡುಗ ಬರೆದುಕೊಟ್ಟದ್ದು, ಎಂಟು ಸಾವಿರಕ್ಕೆ.
ಓಕ್ ಮರವನ್ನು ನಾನು ಕ್ಯಾಲೆಂಡರಿನಲ್ಲೂ ಕಂಡಿಲ್ಲ.
ಆದರೂ ಗಟ್ಟಿಯಾಗಿ ಓದಿದೆ,
ಶಾಲೆಯಲ್ಲಿ ಪ್ರತಿಜ್ಞೆ ಓದಿದ ಹಾಗೆ.

ಡೆನ್ಜಿಲ್ ಗ್ಲಾಸಿಗೆ ಉಗುರು ತಟ್ಟಿ ಕೇಳಿದರು:
ಜಾಮೂನಿನ ಪಾಕಕ್ಕೆ ಸ್ಪಿರಿಟ್ ಬಿಟ್ಟೆಯೇನಮ್ಮಾ?
ಮಂಡ್ಯದವಳಲ್ಲವಾ, ಸಕ್ಕರೆಗೇನು ಬರ,
ಅಂದರು ಪೊನ್ನವ್ವ. ಎಲ್ಲರೂ ನಕ್ಕರು.
ನಾನೂ ನಕ್ಕೆ. ನಗುವುದೂ ಮಾರಾಟದ ಭಾಗ
ಅಂತ ಎಲ್ಲೋ ಕೇಳಿದ್ದೆ.
ಅಬಕಾರಿ ಕಚೇರಿಗೆ ಅಲೆದ ಹದಿನಾಲ್ಕು ತಿಂಗಳು
ಸೆರಗಿನ ಗಂಟಿನಲ್ಲಿ ಭಾರವಾಯಿತು.

ಹಬೀಬುಲ್ಲಾ ಸಾಹೇಬರು ಗ್ಲಾಸು ಎತ್ತಿ
ಕಣ್ಣು ಮುಚ್ಚಿದರು. ಎಷ್ಟು ಹೊತ್ತೆಂದರೆ
ಹೊರಗೆ ಸೊಪ್ಪು ಮಾರುವವಳು ಬೀದಿ ದಾಟಿ ಹೋದಳು.

ಓಕ್ ಇಲ್ಲ, ಅಂದರು.
ಚಾಕೊಲೇಟೂ ಇಲ್ಲ.
ಸುಣ್ಣ ಹೊಡೆದ ಗೋಡೆ ಇದೆ. ಬಾಡಿದ ಸೊಪ್ಪು.
ಬಿದಿರು. ಇನ್ನೊಂದೇನೋ,
ಮೊದಲು ಜೀವ ಇದ್ದದ್ದು.
ಎಲ್ಲಿ ಇಟ್ಟಿದ್ರಿ ಬೇಟಿ, ಇದನ್ನ?

ಹುಳ ಅನ್ನಬೇಡಿ ಮೇಡಂ, ಅಂದಿದ್ದ ಡಿಸೈನ್ ಹುಡುಗ,
ಹುಳ ಅಂದರೆ ಸೀಸೆ ಮುಟ್ಟಲ್ಲ ಜನ.

ಹುಳದ ಮನೇಲಿ, ಅಂದೆ.
ಅಂದ ಮೇಲೆ ನಿಲ್ಲಲಿಲ್ಲ.
ರೇಷ್ಮೆ ಬಿಟ್ಟ ಮೇಲೆ ಚಂದ್ರಿಕೆಗಳನ್ನು ಅಟ್ಟಕ್ಕೇರಿಸಿ
ಅದೇ ಜಾಗದಲ್ಲಿ ಡ್ರಮ್ಮು ಇಟ್ಟದ್ದು,
ಬದುವಿನ ಮೇಲೆ ಕಡಿಯದೆ ಬಿಟ್ಟ ನಲವತ್ತು ಹಿಪ್ಪುನೇರಳೆ ಮರ,
ಎಲೆಗೆ ಲೆಕ್ಕವಿತ್ತು, ಹಣ್ಣಿಗೆ ಯಾವತ್ತೂ ಇರಲಿಲ್ಲ,
ಹಣ್ಣೆಂದರೆ ಹಕ್ಕಿಯದು, ಮಕ್ಕಳ ನಾಲಿಗೆಯದು,
ಅಂಗಿಯ ಕಲೆಗೆ ಬೀಳುವ ಏಟಿನದು.
ಮೊದಲ ಡ್ರಮ್ಮು ಹುಳಿಯಾಗಿ ಹೋಯಿತು,
ಅದರಲ್ಲಿ ಮೆಣಸಿನಕಾಯಿ ನೆನೆಸಿ
ಅತ್ತೆ ಊರಿಗೆಲ್ಲ ಹಂಚಿದರು, ಅಂದೆ.

ಪೊನ್ನವ್ವ ಮೊದಲ ಸಲ ಮುಂದಕ್ಕೆ ಬಾಗಿದರು:
ಆ ಹುಳಿ ಇನ್ನೂ ಇದೆಯಾ?
ಹಂದಿ ಸಾರಿಗೆ ಹಾಕಿ ನೋಡಬೇಕು.

ಮೇಡಂ ಹದಿಮೂರೂವರೆ ಕೊಟ್ಟರು.
ಇನ್ನೊಂದು ವರ್ಷ ಮುಟ್ಟಬೇಡ, ಅಂದ ಡೆನ್ಜಿಲ್
ಎರಡು ಸೀಸೆಗೆ ದುಡ್ಡು ಎಣಿಸಿದರು,
ಒಂದನ್ನು ಮುಟ್ಟದೆ ಇಡುತ್ತಾರಂತೆ.
ಪೊನ್ನವ್ವ ಕೊಂಡದ್ದು ಹುಳಿ ಮಾತ್ರ, ಮೂರು ಲೀಟರು, ಮುಂಗಡ ಕೊಟ್ಟು.
ಸಾಹೇಬರು ಗ್ಲಾಸನ್ನು ತುಂಬಿದ ಹಾಗೇ ನನ್ನತ್ತ ಸರಿಸಿದರು.
ಇಳಿದು ಬರುವ ಮುಂಚೆ ಅದನ್ನು ನಾನೇ ಕುಡಿದೆ.
ನಿಜ, ಸಕ್ಕರೆ ಸ್ವಲ್ಪ ಹೆಚ್ಚೇ.

ಮಂಡ್ಯದ ಬಸ್ಸಿನಲ್ಲಿ ಕೂತು
ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಬಂಗಾರದ ಅಕ್ಷರ ಉಜ್ಜಿದೆ.
ಪಿಸುಮಾತು ಹೋಯಿತು. ಮೌನ ಅರ್ಧ ಉಳಿಯಿತು.
ಔಷ್ದೀನಾ ಅಕ್ಕ, ಅಂದಳು ಪಕ್ಕದವಳು.
ಹಣ್ಣಿನದು, ಅಂದೆ,
ನಮ್ಮ ಹುಳದ ಮನೇದು.
ಅವಳು ಸ್ವಲ್ಪ ದೂರ ಸರಿದು ಕೂತಳು,
ಶ್ರೀರಂಗಪಟ್ಟಣ ದಾಟುವಾಗ ತಿರುಗಿ ಕೇಳಿದಳು:
ಎಷ್ಟು?